ಪಾಠದ ವಿಡಿಯೊ ಮಾಡುವುದನ್ನು ಶಿಕ್ಷಕರಿಗೆ ಕೈಹಿಡಿದು ಕಲಿಸಿ

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2020ರಲ್ಲಿ ಕೊರೊನಾದಿಂದ ಶಾಲೆಗೆ ಬೀಗ ಬಿದ್ದಾಗ ಹತ್ತನೇ ತರಗತಿಯ ಮಕ್ಕಳಿಗಾಗಿ ಮೊದಲ ಸಲ ವಿಡಿಯೊ ಮಾಡಿದೆ. ಆಮ್ಲ, ಪ್ರತ್ಯಾಮ್ಲಗಳ ಪಾಠ. ಫೋನನ್ನು ಡಬ್ಬಿಗೆ ಒರಗಿಸಿಟ್ಟು ನಲವತ್ತು ನಿಮಿಷ ಒಂದೇ ಉಸಿರಿಗೆ ಮಾತಾಡಿದೆ. ಮರುದಿನ ಒಬ್ಬ ಹುಡುಗಿ ಫೋನ್ ಮಾಡಿದಳು. 'ಮಿಸ್, ಅಪ್ಪನ ಡಾಟಾ ಎಲ್ಲ ಖಾಲಿ ಆತ್ರಿ. ಫ್ಯಾನಿನ ಸದ್ದಿನ್ಯಾಗ ನೀವು ಹೇಳಿದ್ದು ಕೇಳಸ್ಲಿಲ್ರಿ' ಎಂದಳು. ಅವಳ ತಂದೆ ಹಮಾಲಿ ಮಾಡುವವರು. ಅವತ್ತಿನ ಡಾಟಾವನ್ನು ನನ್ನ ಪಾಠಕ್ಕೆಂದು ಬಿಟ್ಟುಕೊಟ್ಟಿದ್ದರು. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಪಾಠ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ಅದನ್ನೇ ಕಲಿಸಿದ್ದೆ. ಆದರೆ ಫೋನಿನ ಮುಂದೆ ಪಾಠ ಮಾಡುವುದು ಬೇರೆಯೇ ಕೆಲಸ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಕಲಿಸಿದ್ದು ನಮ್ಮೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಒಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಅವನು ಮೊದಲು ಫ್ಯಾನ್ ನಿಲ್ಲಿಸಿದ. ಖಾಲಿ ಗೋಡೆಗೆ ಕೌದಿ ನೇತುಹಾಕಿದ, ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಎಂದು. ಇಯರ್‌ಫೋನಿನ ಮೈಕನ್ನು ನನ್ನ ಸೆರಗಿಗೆ ಪಿನ್ ಹಾಕಿ ಸಿಕ್ಕಿಸಿದ. ಬಾಗಿಲಿನ ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಿಸಿದ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ನೋಡುತ್ತಾರೆ, ದನಿ ಕೆಟ್ಟರೆ ಬಿಟ್ಟುಬಿಡುತ್ತಾರೆ ಎಂದು ಹೇಳಿದ. ಅವನು ಹೇಳಿದ್ದು ಎಷ್ಟು ನಿಜ ಅನ್ನುವುದು ಆಮೇಲೆ ನನಗೇ ಗೊತ್ತಾಯಿತು.

ಎರಡನೇ ಸಲ ನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಬಿಳಿ ಬಟ್ಟೆಯ ಮೇಲೆ ಅರಿಶಿನದ ಕಲೆ, ಅದಕ್ಕೆ ಸಾಬೂನು ಹಚ್ಚಿದಾಗ ಕೆಂಪಾಗುವುದು, ನಿಂಬೆರಸ ಹಿಂಡಿದಾಗ ಮತ್ತೆ ಹಳದಿಯಾಗುವುದು. ಕ್ಯಾಮೆರಾ ನನ್ನ ಮುಖ ಬಿಟ್ಟು ಕೈ ಮೇಲಿತ್ತು. ಮಕ್ಕಳು ಮನೆಯಲ್ಲೇ ಮಾಡಿ ನೋಡಿ ಫೋಟೊ ಕಳಿಸಿದರು. ಹಲಗೆ ಮೇಲೆ ಸುಮ್ನೆ ಸಮೀಕರಣ ಬರೆದು ಓದಿಸಿದ್ದರೆ ಹೀಗಾಗುತ್ತಿತ್ತಾ?

ಆಮೇಲೆ ನಾನು ಒಂದು ತರಬೇತಿಗೂ ಹೋದೆ. ಅರವತ್ತು ಜನ, ಒಂದು ಪ್ರೊಜೆಕ್ಟರ್, ಎರಡು ದಿನ. ಮಲ್ಟಿಮೀಡಿಯಾ ಎಂದರೇನು, ಅದರ ಲಾಭಗಳೇನು ಎಂಬ ಸ್ಲೈಡುಗಳು. ಒಬ್ಬರೂ ಒಂದು ನಿಮಿಷದ ದನಿಯನ್ನೂ ರೆಕಾರ್ಡ್ ಮಾಡಲಿಲ್ಲ. ಈಜು ಕಲಿಸಲು ಕರೆದು ನೀರಿಗೇ ಇಳಿಸದಿದ್ದರೆ ಹೇಗೆ?

ಶಾಲಾ ಪಾಠಗಳಿಗೆಂದು ಸರ್ಕಾರ ಮಾಡಿದ ಆನ್‌ಲೈನ್ ವೇದಿಕೆ ದೀಕ್ಷಾ 2017ರಲ್ಲೇ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠ ತೆರೆಯುತ್ತದೆ. ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸುಗಳೂ ಆನ್‌ಲೈನಿನಲ್ಲಿವೆ. ಇವೆಲ್ಲ ಬೇಕಾದದ್ದೇ. ಆದರೆ ಇಲ್ಲೆಲ್ಲ ನಮ್ಮಲ್ಲಿ ಹೆಚ್ಚಿನವರು ನೋಡುವವರು ಮಾತ್ರ. ವಿಡಿಯೊ ನೋಡು, ಪ್ರಶ್ನೆಗೆ ಉತ್ತರ ಒತ್ತು, ಸರ್ಟಿಫಿಕೇಟ್ ತಗೋ. ಕರ್ನಾಟಕದ ಶಿಕ್ಷಕರಿಗೆ ಇದಕ್ಕಿಂತ ಜಾಸ್ತಿ ಮಾಡುವ ಶಕ್ತಿ ಇದೆ. ಚಿಕ್ಕ ಮಕ್ಕಳು ನಲಿಯುತ್ತಾ ಕಲಿಯುವ ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಕಲಿಕಾ ಕಾರ್ಡುಗಳನ್ನು ಮಾಡಿದ್ದು ಯಾರು? ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕರೇ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಬರೆದರು, ಚಿತ್ರ ಬಿಡಿಸಿದರು, ತರಗತಿಯಲ್ಲಿ ಬಳಸಿ ತಿದ್ದಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ರಟ್ಟು, ಬಣ್ಣ, ಕತ್ತರಿಯಿಂದ ಮಾಡಿದ್ದನ್ನು ಈಗ ಫೋನಿನಿಂದ ಮಾಡಬಹುದು, ಅಲ್ವಾ? ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರು ಸೇರಿ ಬೆಳೆಸಿದ ಪುಟಗಳೂ ನಮ್ಮ ಕಣ್ಣ ಮುಂದಿವೆ.

ಖರ್ಚಿನ ಮಾತು ಬಂದರೆ, ಬೇಕಾದ ತಂತ್ರಾಂಶಗಳೆಲ್ಲ ಉಚಿತ. ದನಿ ತಿದ್ದಲು ಆಡಾಸಿಟಿ, ವಿಡಿಯೊ ಕತ್ತರಿಸಲು ಓಪನ್‌ಶಾಟ್, ಗಣಿತಕ್ಕೆ ಜಿಯೋಜೀಬ್ರಾ. ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ನಾವು ಎಡವುವುದು ಸಣ್ಣಪುಟ್ಟ ಕಡೆ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ವಿಡಿಯೊಗೆ ಹಾಕಿದರೆ ಅಕ್ಷರವೆಲ್ಲ ಕಲಸುಮೇಲೋಗರವಾಗುತ್ತದೆ. ಎಲ್ಲ ಕಡೆ ಅಕ್ಷರ ಸರಿಯಾಗಿ ಕಾಣುವ ಯೂನಿಕೋಡಿನಲ್ಲೇ ಬರೆಯಿರಿ ಎಂದು ಹೇಳುವವರು ಪಕ್ಕದಲ್ಲಿರುವುದಿಲ್ಲ. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಅಂಟಿಸಿಬಿಡುತ್ತೇವೆ, ಅದು ಬೇರೆಯವರ ಸ್ವತ್ತು ಎಂಬುದು ಹೊಳೆಯುವುದೇ ಇಲ್ಲ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದು, ಮಾಡಿದವರ ಹೆಸರು ಹಾಕಿ ಬಳಸಬಹುದು ಎಂದು ತಿಳಿಯಲು ನನಗೇ ಎರಡು ವರ್ಷ ಹಿಡಿಯಿತು. ಕಿವಿ ಕೇಳದ ಮಗುವಿಗಾಗಿ ಮಾತನ್ನು ಕೆಳಗೆ ಅಕ್ಷರದಲ್ಲಿ ಕೊಡುವುದಂತೂ ನಾನು ಇನ್ನೂ ಕಲಿಯುತ್ತಿರುವ ಕೆಲಸ.

ಹಾಗಾಗಿ ಶಿಕ್ಷಣ ಇಲಾಖೆಗೆ ನನ್ನ ವಿನಂತಿ ಇಷ್ಟೇ. ತರಬೇತಿಗೆ ಬಂದ ಪ್ರತಿಯೊಬ್ಬರೂ ತಾವೇ ಮಾಡಿದ ಮೂರು ನಿಮಿಷದ ಒಂದು ಪಾಠವನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗಬೇಕು. ಒಂದು ತಂಡದಲ್ಲಿ ಹದಿನೈದು ಜನ ಸಾಕು. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದಿದ ಮೇಲೆ ಅರ್ಧ ಗಂಟೆ ಉಳಿಸಿ. ಒಬ್ಬರು ಮಾಡಿದ್ದನ್ನು ಎಲ್ಲರೂ ನೋಡಲಿ, ಎಲ್ಲಿ ದನಿ ಇಳಿದಿದೆ, ಎಲ್ಲಿ ಪಾಠ ಉದ್ದವಾಯಿತು ಎಂದು ಹೇಳಲಿ. ಮತ್ತೆ ಈ ಕೆಲಸಕ್ಕೆ ಸಮಯ ಕೊಡಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಗಣತಿ, ಚುನಾವಣೆ ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತು ಮಾಡಿದ ವಿಡಿಯೊ ಮಕ್ಕಳಿಗೆ ತಲುಪುವಷ್ಟು ಚೆನ್ನಾಗಿರುವುದಿಲ್ಲ.

ತಾಲ್ಲೂಕಿಗೊಂದು ಸದ್ದಿಲ್ಲದ ಕೋಣೆಯೂ ಬೇಕು. ದೊಡ್ಡ ಸ್ಟುಡಿಯೊ ಬೇಡ. ಬಿಆರ್‌ಸಿ (ತಾಲ್ಲೂಕಿನ ಶಿಕ್ಷಕರ ಸಂಪನ್ಮೂಲ ಕೇಂದ್ರ) ಕಟ್ಟಡದಲ್ಲಿ ಒಂದು ಕೋಣೆ ತೆರವು ಮಾಡಿ, ಕಿಟಕಿಗೆ ದಪ್ಪ ಪರದೆ, ಒಂದು ಮೈಕು, ಒಂದು ಸ್ಟ್ಯಾಂಡು ಇಟ್ಟರೆ ಸಾಕು. ನಮ್ಮ ತಾಲ್ಲೂಕಿನಲ್ಲಿ ಅಂಥ ಕೋಣೆ ಕೊಟ್ಟರೆ ಭಾನುವಾರಗಳಲ್ಲಿ ಬಂದು, ನನಗೆ ಗೊತ್ತಿರುವಷ್ಟನ್ನು ಕಲಿಸಲು ನಾನು ತಯಾರಿದ್ದೇನೆ. ಮದುವೆ ವಿಡಿಯೊ ತೆಗೆಯುವ ಆ ಹುಡುಗನೂ ಬರುತ್ತೇನೆ ಎಂದಿದ್ದಾನೆ.

– ಒಬ್ಬ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ