ಟೆಸ್ಟಲ್ಲಿ ಪಾಸಾದ ನೀರು ಸುರಕ್ಷಿತ ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ನೀರಿನ ಸುದ್ದಿ ಬಂದಾಗಲೆಲ್ಲ ಮಾತು ಒಂದೇ ಕಡೆ ಹೋಗುತ್ತದೆ. ಕುಡಿಯುವ ನೀರಿಗೆ ಚರಂಡಿ ಸೇರಿತು, ಜನರಿಗೆ ವಾಂತಿ ಭೇದಿ ಆಯ್ತು, ನೀರು ಕಾಯಿಸಿ ಕುಡಿಯಿರಿ. ಅದು ಸರಿಯೇ. ಆದರೆ ಯಾವ ಕೊಳೆಯೂ ಸೇರದ ನೀರಿನಲ್ಲೇ ಮನೆ ಮಾಡಿಕೊಂಡಿರುವ ರೋಗಾಣುಗಳೂ ಇವೆ. ಅವುಗಳ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ, ಅದಕ್ಕೇ ಈ ಪತ್ರ.

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೆರೆ, ಹೊಳೆಗಳಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಅಲ್ಲಿ ಅದರಿಂದ ಅಂಥ ಕಾಟ ಇಲ್ಲ. ಕಾಟ ಶುರುವಾಗುವುದು ನಾವೇ ಅದಕ್ಕೆ ಬೆಚ್ಚಗಿನ ಜಾಗ ಕಟ್ಟಿಕೊಟ್ಟಾಗ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಮನೆಗೆ ಮರಳಿದವರು ಒಬ್ಬರ ಹಿಂದೆ ಒಬ್ಬರು ನ್ಯುಮೋನಿಯಾ ಬಂದು ಮಲಗಿದರು, ಅವರಲ್ಲಿ 29 ಮಂದಿ ತೀರಿಕೊಂಡರು. ಕಾರಣ ಈ ಲೀಜಿಯೊನೆಲ್ಲಾ ಅಂತ ಗೊತ್ತಾಗಲು ತಿಂಗಳುಗಳೇ ಬೇಕಾದವು. 1999ರಲ್ಲಿ ನೆದರ್ಲೆಂಡ್ಸ್‌ನ ಹೂವಿನ ಪ್ರದರ್ಶನವೊಂದರಲ್ಲಿ ಸುಮ್ನೆ ತೋರಿಸಲು ಇಟ್ಟಿದ್ದ ಬಿಸಿನೀರಿನ ತೊಟ್ಟಿಯಿಂದ 30ಕ್ಕೂ ಹೆಚ್ಚು ಜನ ಸತ್ತರು. ಆ ನೀರಿಗೆ ಯಾರೂ ಇಳಿಯಬೇಕಾಗಿರಲಿಲ್ಲ, ಪಕ್ಕದಲ್ಲಿ ಹಾದುಹೋದರೂ ಸಾಕಾಗಿತ್ತು. ಯಾಕೆಂದರೆ ಇದು ಹೊಟ್ಟೆಗೆ ಹೋಗುವುದಲ್ಲ. ಶವರ್, ಕಾರಂಜಿ, ದೊಡ್ಡ ಎಸಿಗಳ ಕೂಲಿಂಗ್ ಟವರ್, ಇವುಗಳಿಂದ ಏಳುವ ಸಣ್ಣ ತುಂತುರಿನ ಜೊತೆ ಉಸಿರಾಟದಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಡಿಯುವ ನೀರನ್ನು ಎಷ್ಟು ಕಾಯಿಸಿದರೆ ತಾನೇ ಏನು ಪ್ರಯೋಜನ, ಹೇಳಿ?

ಪೈಪಿನ ಒಳಗೆ ಕೈಯಾಡಿಸಿದರೆ ಜಾರುವ ಲೋಳೆ ಇರುತ್ತದಲ್ವಾ, ಇದು ಬದುಕುವುದು ಅಲ್ಲಿ. ಆ ಲೋಳೆಯನ್ನು ತಿನ್ನಲು ಅಮೀಬಾಗಳು ಬರುತ್ತವೆ, ಲೀಜಿಯೊನೆಲ್ಲಾವನ್ನೂ ನುಂಗುತ್ತವೆ, ಆದರೆ ಅದು ಸಾಯುವುದಿಲ್ಲ, ನುಂಗಿದ ಅಮೀಬಾದ ಹೊಟ್ಟೆಯಲ್ಲೇ ಮರಿ ಹಾಕಿ ಅದನ್ನು ಒಡೆದುಕೊಂಡು ಹೊರಬರುತ್ತದೆ. ಒಳಗಿರುವಾಗ ಕ್ಲೋರಿನ್ ಕೂಡ ಅದಕ್ಕೆ ಸರಿಯಾಗಿ ತಾಗುವುದಿಲ್ಲ. 20ರಿಂದ 45 ಡಿಗ್ರಿವರೆಗಿನ ಬಿಸಿ, ನಿಂತ ನೀರು, ಇಷ್ಟಿದ್ದರೆ ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಬದುಕಲಾರದು. ಕರೆಂಟ್ ಉಳಿಸೋಣ ಅಂತ ದೊಡ್ಡ ಕಟ್ಟಡಗಳ ಬಿಸಿನೀರಿನ ಟ್ಯಾಂಕನ್ನು ಉಗುರು ಬೆಚ್ಚಗೆ ಇಡುವುದು ಅದಕ್ಕೇ ತಪ್ಪು. 60 ಡಿಗ್ರಿಯ ನೀರು ನೇರ ಮೈಮೇಲೆ ಬಿದ್ದರೆ ಸುಡುತ್ತದೆ ನಿಜ, ಅದಕ್ಕೆ ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ವಾಲ್ವ್ ಇದೆ.

ಕಾಲರಾ ರೋಗಾಣು ಕೂಡ ಹೀಗೇ. ನದಿ ಸಮುದ್ರ ಸೇರುವ ಕಡೆಯ ಉಪ್ಪು ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸೀಗಡಿಯಂಥ ಜೀವಿಗಳ ಮೈಗೆ ಅಂಟಿಕೊಂಡು ಅದು ಬದುಕುತ್ತದೆ. ಅದು ತಿಳಿದ ಮೇಲೆಯೇ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ಮಡಚಿ ನೀರು ಸೋಸಿ ನೋಡಿದ್ದು, ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎಷ್ಟು ಸರಳ ನೋಡಿ! ರೋಗಾಣು ಎಲ್ಲಿ ಕೂತಿದೆ ಅಂತ ಗೊತ್ತಿದ್ದರಿಂದ ಹೊಳೆದ ಉಪಾಯ ಅದು.

ನಾವು ಮಾಡಿಸುವ ಮಾಮೂಲಿ ಪರೀಕ್ಷೆ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹುಡುಕುತ್ತದೆ. ಮಲ ಸೇರಿದೆಯಾ ಇಲ್ಲವಾ ಅಂತ ಅಷ್ಟೇ ಅದು ಹೇಳುತ್ತದೆ. ಲೀಜಿಯೊನೆಲ್ಲಾ ಆಗಲಿ, ಆಸ್ಪತ್ರೆಯ ಸಿಂಕ್ ಮತ್ತು ನಲ್ಲಿಗಳಲ್ಲಿ ಕೂತು ಹಸುಗೂಸುಗಳಿಗೂ ಸುಟ್ಟ ಗಾಯದವರಿಗೂ ತಗಲುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಆಗಲಿ ಅದರಲ್ಲಿ ಸಿಗುವುದಿಲ್ಲ. ಆದರೂ ಆ ಒಂದು ಕಾಗದ ಹಿಡಿದು ‘ನೀರು ಸುರಕ್ಷಿತ’ ಎನ್ನುತ್ತಾರೆ. ವಯಸ್ಸಾದವರು, ಸಿಗರೇಟು ಸೇದುವವರು, ಮೊದಲೇ ಕಾಯಿಲೆಯಿಂದ ಸೊರಗಿದವರು, ಇವರಿಗೇ ಇಂಥ ರೋಗಾಣುಗಳಿಂದ ಜಾಸ್ತಿ ಅಪಾಯ, ಮತ್ತು ಇವರೇ ತುಂಬಿರುವ ಕಟ್ಟಡಗಳಲ್ಲಿ ಈ ಕಾಗದವನ್ನು ನಂಬಿ ಕೂರುವುದು ನನಗಂತೂ ಸಹಿಸಲಾಗದ ವಿಷಯ.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಇನ್ನು ಮುಂದೆ ‘ನೀರು ಸುರಕ್ಷಿತ’ ಎಂಬ ಹೇಳಿಕೆ ಕೈಗೆ ಬಂದರೆ ಹಾಗೇ ಅಚ್ಚು ಹಾಕಬೇಡಿ. ಏನು ಹುಡುಕಿದಿರಿ, ಬಿಸಿನೀರಿನ ಟ್ಯಾಂಕ್ ಎಷ್ಟು ಡಿಗ್ರಿಯಲ್ಲಿದೆ, ಮಾದರಿ ತೆಗೆದದ್ದು ಟ್ಯಾಂಕಿನಿಂದಲೋ ಅಥವಾ ವಾರಗಟ್ಟಲೆ ಯಾರೂ ತಿರುಗಿಸದ ಕೊನೆಯ ಕೋಣೆಯ ನಲ್ಲಿಯಿಂದಲೋ ಎಂದು ದಯವಿಟ್ಟು ಕೇಳಿ.

ಇಂತಿ,
ನಿಮ್ಮ ಓದುಗ