ಕತ್ತಲೆಯನ್ನು ಹೊಂದಿಸಿಕೊಟ್ಟ ಎಲ್ಲರಿಗೂ

ಮಳೆಗಾಲದ ಕಾಡಿನ ಇರುಳನ್ನು ಕುರಿತು ಸಾಗರ ತಾಲ್ಲೂಕಿನ ನಮ್ಮ ಮಕ್ಕಳ ರಂಗತಂಡವು ಕಟ್ಟಿದ ಗೊಂಬೆಯಾಟದ ಮೊದಲ ಪ್ರಯೋಗ ಕಳೆದ ವಾರ ಯಾವ ವಿಘ್ನವೂ ಇಲ್ಲದೆ ಮುಗಿಯಿತು. ಆಟದ ಕೊನೆಯಲ್ಲಿ ವಂದನಾರ್ಪಣೆ ಮಾಡಿದೆವಾದರೂ ಅಲ್ಲಿ ಕೈಮುಗಿಯುವಷ್ಟು ಮಾತ್ರ ಸಮಯವಿತ್ತು. ಯಾರು ಏನು ಮಾಡಿದರು, ಅವರು ಕೈಹಿಡಿಯದಿದ್ದರೆ ನಮ್ಮ ಕೆಲಸ ಎಲ್ಲಿ ನಿಂತುಹೋಗುತ್ತಿತ್ತು ಎಂಬುದನ್ನು ವಿವರವಾಗಿ ಹೇಳಲಾಗಲಿಲ್ಲ. ಹಲವರು ತಮ್ಮ ಹೆಸರು ಹಾಕಬಾರದೆಂದು ಕೇಳಿಕೊಂಡಿರುವುದರಿಂದ ಇಲ್ಲಿ ಹೆಸರುಗಳಿಲ್ಲ, ಅವರ ಕೆಲಸ ಮಾತ್ರ ಇದೆ.

ಇದು ಬ್ಲ್ಯಾಕ್ ಲೈಟ್ ಗೊಂಬೆಯಾಟ. ನಮ್ಮ ಭಾಗದವರು ನೋಡಿ ಬಲ್ಲ ತೊಗಲುಗೊಂಬೆಯಾಟದಲ್ಲಿ ದೀಪ ಪರದೆಯ ಹಿಂದೆ ಇರುತ್ತದೆ, ಹದಮಾಡಿದ ತೊಗಲಿನ ಮೂಲಕ ಬೆಳಕು ಹಾಯ್ದು ಬಣ್ಣ ಪರದೆಯ ಮೇಲೆ ಮೂಡುತ್ತದೆ. ಇಲ್ಲಿ ಪರದೆಯೇ ಇಲ್ಲ. ರಂಗದ ಮೂರೂ ಬದಿಗಳಿಗೆ ಕಪ್ಪು ಮಖಮಲ್ಲು ಹೊದಿಸಿ, ತಲೆಯಿಂದ ಪಾದದವರೆಗೆ ಕಪ್ಪು ತೊಟ್ಟ ಆಟಗಾರರನ್ನು ಅದರ ಮುಂದೆ ನಿಲ್ಲಿಸಿ, ಕಣ್ಣಿಗೆ ಬಹುಮಟ್ಟಿಗೆ ಕಾಣದ ಅತಿನೇರಳೆ ಕಿರಣವನ್ನು ಹಾಯಿಸಿದರೆ, ಫ್ಲೋರೆಸೆಂಟ್ ಬಣ್ಣ ಹಚ್ಚಿದ ಗೊಂಬೆ ಆ ಕಿರಣವನ್ನು ಹೀರಿ ಅದನ್ನು ಕಾಣುವ ಬೆಳಕಾಗಿ ಮಾರ್ಪಡಿಸಿ ಹೊರಬಿಡುತ್ತದೆ; ಉಳಿದದ್ದೆಲ್ಲ ಕತ್ತಲಲ್ಲಿ ಕರಗಿಹೋಗುತ್ತದೆ. ಕಪ್ಪಿನ ಮುಂದೆ ಕಪ್ಪು ಕಾಣದು ಎಂಬುದನ್ನು ಯೂರೋಪಿನ ಜಾದೂಗಾರರು 19ನೆಯ ಶತಮಾನದಲ್ಲೇ ರಂಗದ ಮೇಲೆ ಬಳಸಿಕೊಂಡಿದ್ದರು. ಅದನ್ನು ಒಂದು ಪೂರ್ಣ ರಂಗಪ್ರಕಾರವಾಗಿ ಬೆಳೆಸಿದ ಕೀರ್ತಿ ಇಂದಿನ ಜೆಕ್ ದೇಶದ ಪ್ರಾಗ್ ನಗರಕ್ಕೆ, ವಿಶೇಷವಾಗಿ 1961ರಲ್ಲಿ ಅಲ್ಲಿ ತಮ್ಮ ತಂಡವನ್ನು ಕಟ್ಟಿದ ಯಿರ್ಝಿ ಸರ್ನೆತ್ಸ್ ಅವರಿಗೆ ಸಲ್ಲಬೇಕು. ಈ ಆಟಕ್ಕೆ ಬೆಳಕಿಗಿಂತ ಕತ್ತಲೆಯನ್ನು ಹೊಂದಿಸುವುದೇ ಕಷ್ಟದ ಕೆಲಸ. ನಾವು ನೆನೆಯಬೇಕಾದವರಲ್ಲಿ ಹೆಚ್ಚಿನವರು ನಮಗೆ ಕತ್ತಲೆಯನ್ನು ಒದಗಿಸಿಕೊಟ್ಟವರೇ.

ಮೊದಲ ವಂದನೆ ನಮ್ಮ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯ ಯಜಮಾನರಿಗೆ. ಕೊರೋನಾ ಕಾಲದಲ್ಲಿ ಕೋಣೆಗಳನ್ನು ಶುದ್ಧಗೊಳಿಸಲೆಂದು ತರಿಸಿ ಉಳಿದುಹೋಗಿದ್ದ ಯು.ವಿ., ಅಂದರೆ ಅತಿನೇರಳೆ, ಟ್ಯೂಬುಗಳನ್ನು ಬೇರೊಂದು ಊರಿನವರು ನಮಗೆ ಅಗ್ಗದಲ್ಲಿ ಕೊಡಲು ಮುಂದೆ ಬಂದಿದ್ದರು. ಯಜಮಾನರು ಅವನ್ನು ಕೈಯಲ್ಲಿ ಹಿಡಿದು ನೋಡಿದವರೇ, ಇವನ್ನು ಮಕ್ಕಳ ಎದುರು ಹಚ್ಚಲೇಬಾರದು ಎಂದು ಖಂಡಿತವಾಗಿ ಹೇಳಿಬಿಟ್ಟರು. ಕ್ರಿಮಿ ಕೊಲ್ಲುವ ಟ್ಯೂಬಿನ ಗಾಜು ಬಣ್ಣವಿಲ್ಲದೆ ಪಾರದರ್ಶಕವಾಗಿರುತ್ತದೆ, ಅದು ಸುಮಾರು 254 ನ್ಯಾನೋಮೀಟರ್ ತರಂಗಾಂತರದ ಯು.ವಿ.-ಸಿ ಕಿರಣವನ್ನು ಸೂಸುತ್ತದೆ, ಅದರ ಎದುರು ಸ್ವಲ್ಪ ಹೊತ್ತು ನಿಂತರೂ ಕಣ್ಣು ಉರಿದು ಚರ್ಮ ಸುಡುತ್ತದೆ. ನಮಗೆ ಬೇಕಾದದ್ದು 365ರ ಆಸುಪಾಸಿನ ಯು.ವಿ.-ಎ ಕಿರಣದ, ಆರಿಸಿದಾಗಲೂ ಕಡು ನೇರಳೆಯಾಗಿ ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುವ ಟ್ಯೂಬು. ಬರಿಯ ನೇರಳೆ ಬಣ್ಣ ಬಳಿದ ಬಲ್ಬು ಈ ಕೆಲಸಕ್ಕೆ ಬಾರದು, ಅಗ್ಗದ ಎಲ್.ಇ.ಡಿ. ಪಟ್ಟಿಗಳು ಸುಮಾರು 395ರಲ್ಲಿ ಉರಿಯುವುದರಿಂದ ರಂಗವೆಲ್ಲ ನೇರಳೆ ಮಬ್ಬಿನಿಂದ ತುಂಬಿ, ಮರೆಯಲ್ಲಿರಬೇಕಾದ ಕೈಗಳು ಗೋಚರಿಸತೊಡಗುತ್ತವೆ. ಇದನ್ನೆಲ್ಲ ಅವರು ಅಂಗಡಿಯ ಗಲ್ಲೆಯ ಮುಂದೆ ನಿಂತೇ ನಮಗೆ ತಿಳಿಸಿ, ಸರಿಯಾದ ಟ್ಯೂಬುಗಳನ್ನು ಬೆಂಗಳೂರಿನಿಂದ ತರಿಸಿಕೊಟ್ಟರು. ಒಂದು ರಂಗತಂಡದ ಮಕ್ಕಳ ಕಣ್ಣುಗಳನ್ನು ಕಾಪಾಡಿದ ಉಪಕಾರಕ್ಕೆ ಯಾವ ಮಾತೂ ಸಾಲದು. ಬೇರೆ ಊರುಗಳಲ್ಲಿ ಇಂಥ ಆಟ ಕಟ್ಟಬೇಕೆಂದಿರುವ ಶಿಕ್ಷಕರು ಈ ಒಂದು ಸಂಗತಿಯನ್ನಾದರೂ ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಕಣ್ಣಿನ ಮಾತು ಬಂದದ್ದರಿಂದ ನೆನಪಾಯಿತು. ನಾವು ಬಳಸುವ ಈ ಬಣ್ಣಗಳ ಹಿಂದೆಯೂ ಒಂದು ಕತ್ತಲೆ ಕೋಣೆಯ ಕಥೆಯಿದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಸ್ವಿಟ್ಜರ್ ಎಂಬ ಯುವಕ ಕೆಲಸದ ವೇಳೆ ಪೆಟ್ಟು ಬಿದ್ದು ದೃಷ್ಟಿ ಮಂಕಾಗಿ, ವೈದ್ಯರ ಸಲಹೆಯಂತೆ ಕತ್ತಲೆಯಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ಆ ದಿನಗಳಲ್ಲಿ ಅವನೂ ಅವನ ಸಹೋದರ ಜೋಸೆಫನೂ ಅತಿನೇರಳೆ ದೀಪ ಹಿಡಿದು ತಂದೆಯ ಔಷಧದಂಗಡಿಯಲ್ಲಿ ಹೊಳೆಯುವ ವಸ್ತುಗಳನ್ನು ಹುಡುಕಿದರು. ಜೋಸೆಫನಿಗೆ ಜಾದೂ ಮಾಡುವ ಹವ್ಯಾಸವಿದ್ದುದರಿಂದ ಆ ಬಣ್ಣಗಳ ಮೊದಲ ಉಪಯೋಗ ಅವನ ಜಾದೂ ಪ್ರದರ್ಶನಕ್ಕೇ ಆಯಿತು. ಇಂದು ಸ್ಟೇಷನರಿ ಅಂಗಡಿಯಲ್ಲಿ ಸಣ್ಣ ಸೀಸೆಯಲ್ಲಿ ಸಿಗುವ ಫ್ಲೋರೆಸೆಂಟ್ ಬಣ್ಣದ ಹಿಂದೆ ಆ ಇಬ್ಬರ ಶ್ರಮವಿದೆ. ಅವರನ್ನೂ ಇಲ್ಲಿ ಸ್ಮರಿಸುವುದು ನ್ಯಾಯವೆನಿಸಿತು.

ಎರಡನೆಯದಾಗಿ, ನಮಗೆ ಮಖಮಲ್ಲು ಕೊಟ್ಟ ಜವಳಿ ಅಂಗಡಿಯವರು. ಹಗಲಿನಲ್ಲಿ ಕಪ್ಪಾಗಿ ಕಾಣುವ ಬಟ್ಟೆಗಳೆಲ್ಲ ಅತಿನೇರಳೆಯಲ್ಲಿ ಕಪ್ಪಾಗಿ ಉಳಿಯುವುದಿಲ್ಲ; ಕೆಲವು ಬಟ್ಟೆಗಳಲ್ಲಿ ಕಂದು ಛಾಯೆ ಏಳುತ್ತದೆ, ಮಿರುಗುವ ನೂಲಿನ ಬಟ್ಟೆ ನೇರಳೆಯಾಗಿ ಬೆಳಗುತ್ತದೆ. ಇದನ್ನು ಹೇಳಿದಾಗ ಅವರು ಗಲ್ಲೆಯ ಮೇಲಿದ್ದ, ನೋಟುಗಳನ್ನು ಪರೀಕ್ಷಿಸುವ ಯಂತ್ರವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಬಂದರು. ನಮ್ಮ ನೋಟಿನ ಕಾಗದದಲ್ಲಿರುವ ಎಳೆಗಳನ್ನೂ ಕ್ರಮಸಂಖ್ಯೆಯನ್ನೂ ಹೊಳೆಯಿಸಿ ತೋರಿಸುವ ಆ ಪುಟ್ಟ ದೀಪವು ನಮಗೆ ಬೇಕಾದ ದೀಪವೇ ತಾನೇ! ಬಾಗಿಲು ಮುಚ್ಚಿ, ಒಂದೊಂದೇ ಥಾನಿನ ತುದಿಯನ್ನು ಅದರ ಕೆಳಗೆ ಹಿಡಿದು, ಯಾವುದು ನಿಜವಾಗಿ ಕಪ್ಪು ಎಂಬುದನ್ನು ಅವರು ನಮ್ಮೊಡನೆ ಕುಳಿತು ಆರಿಸಿದರು. ಮದುವೆಯ ಸೀಜನ್ನಿನಲ್ಲಿ ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವರು ಆ ತಾಳ್ಮೆ ತೋರಿದರು.

ಆ ಬಟ್ಟೆಯಿಂದ ನಿಲುವಂಗಿ, ಮುಸುಕು ಮತ್ತು ಕೈಗವಸುಗಳನ್ನು ಹೊಲಿದ ಟೈಲರ್ ಅಕ್ಕನಿಗೆ ನಾವು ಎಷ್ಟು ಋಣಿಗಳೋ ಹೇಳಲಾರೆ. ಮುಸುಕಿನ ಕಣ್ಣಿನ ಜಾಗಕ್ಕೆ ಎರಡು ಪದರ ಕಪ್ಪು ನೆಟ್ ಬಟ್ಟೆ ಹಾಕಿ, ಉಸಿರಿಗೆ ಗಲ್ಲದ ಕೆಳಗೆ ಜಾಗ ಬಿಟ್ಟು, ಒಳಗಿನ ಹೊಲಿಗೆಗೂ ಕಪ್ಪು ದಾರವನ್ನೇ ಬಳಸಿದರು. ಸಾಬೂನು ಪುಡಿಯಲ್ಲಿರುವ ಬಿಳುಪು ಹೆಚ್ಚಿಸುವ ರಾಸಾಯನಿಕ ಈ ದೀಪಕ್ಕೆ ನೀಲಿಯಾಗಿ ಹೊಳೆಯುವುದರಿಂದ, ಬಿಳಿ ದಾರದ ಒಂದು ತುಣುಕು, ಟವೆಲ್ಲಿನ ಒಂದು ಎಳೆ ತೋಳಿಗೆ ಅಂಟಿಕೊಂಡಿದ್ದರೂ ಸಾಕು, ಆಟಗಾರ ಎಲ್ಲಿದ್ದಾನೆಂದು ಇಡೀ ಸಭೆಗೆ ತಿಳಿದುಹೋಗುತ್ತದೆ. ಪ್ರತಿ ತಾಲೀಮಿಗೆ ಮೊದಲು ಅಗಲವಾದ ಟೇಪನ್ನು ಅಂಗೈಗೆ ತಿರುಗುಮುರುಗಾಗಿ ಸುತ್ತಿಕೊಂಡು ಎಲ್ಲರ ಉಡುಪನ್ನೂ ಒತ್ತಿ ಒತ್ತಿ ಎಳೆ ತೆಗೆಯುವ ಕೆಲಸವನ್ನು ಅಕ್ಕನ ಇಬ್ಬರು ಮಕ್ಕಳು ತಾವಾಗಿಯೇ ವಹಿಸಿಕೊಂಡರು. ರಂಗದ ಮೇಲೆ ಬಾರದ ಈ ಇಬ್ಬರ ಕೆಲಸವನ್ನು ನಾನು ಆಟದ ಒಂದು ಮುಖ್ಯ ಪಾತ್ರವೆಂದೇ ಎಣಿಸುತ್ತೇನೆ.

ಗೊಂಬೆಗಳನ್ನು ಮಾಡಿದ್ದು ಮನೆಯಲ್ಲೇ, ಮನೆಯ ಸಾಮಾನುಗಳಿಂದಲೇ. ಹಳೆಯ ಪತ್ರಿಕೆಗಳನ್ನು ನೆನೆಸಿ ಅರೆದು, ಮೈದಾ ಅಂಟು ಮತ್ತು ಮೆಂತೆಯ ಪುಡಿ ಬೆರೆಸಿ ಕಲಸಿದ ಮುದ್ದೆಯಿಂದ ತಲೆಗಳನ್ನು ಮಾಡಿದೆವು. ಆಷಾಢದ ಮಳೆ ಹಿಡಿದುಕೊಂಡ ಮೇಲೆ ಅವು ಒಣಗಲೇ ಇಲ್ಲ; ಮೊದಲು ಮಾಡಿದ ತಲೆಗಳಿಗೆಲ್ಲ ಬೂಷ್ಟು ಹಿಡಿದು, ಎಸೆಯದೆ ಬೇರೆ ದಾರಿಯಿರಲಿಲ್ಲ. ಮಕ್ಕಳ ಮುಖ ಬಾಡಿದ್ದನ್ನು ನೋಡಿ ನಮ್ಮೂರಿನ ಅಡಿಕೆ ಬೆಳೆಗಾರರೊಬ್ಬರು ತಮ್ಮ ಮನೆಯ ಅಡಿಕೆ ಡ್ರೈಯರನ್ನು ಬಿಟ್ಟುಕೊಟ್ಟರು. ಕೊಯ್ಲು ಇನ್ನೂ ದೂರವಿದ್ದು ಡ್ರೈಯರ್ ಖಾಲಿಯಾಗಿತ್ತು, ನಿಜ. ಆದರೆ ಅದಕ್ಕೆ ಸೌದೆ ಬೇಕು, ಬೆಂಕಿಯನ್ನು ಹದವಾಗಿ ಇಡಲು ಒಬ್ಬರು ಎಚ್ಚರವಿರಬೇಕು, ಉರಿ ಹೆಚ್ಚಾದರೆ ತಲೆ ಬಿರಿಯುತ್ತದೆ. ಆ ಮನೆಯ ಅಮ್ಮ ರಾತ್ರಿ ಎದ್ದು ಬಂದು ತಟ್ಟೆಗಳನ್ನು ತಿರುವಿಹಾಕಿದ್ದಾರೆ. ಕಪ್ಪೆ, ಗೂಬೆ, ಹಾರುವ ಅಳಿಲು, ಕೊಳೆತ ದಿಮ್ಮಿಯ ಮೇಲೆ ಮಳೆಗಾಲದಲ್ಲಿ ಹೊಳೆಯುವ ನಮ್ಮ ಘಟ್ಟದ ಅಣಬೆಗಳು, ಇವೆಲ್ಲ ಗಟ್ಟಿಯಾಗಿ ಹೊರಬಂದದ್ದು ಅವರ ಆರೈಕೆಯಿಂದ.

ಒಣಗಿದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವಂತಿಲ್ಲ. ಫ್ಲೋರೆಸೆಂಟ್ ಬಣ್ಣಕ್ಕೆ ಮುಚ್ಚುವ ಗುಣ ಕಡಿಮೆ, ಆದ್ದರಿಂದ ಮೊದಲು ಬಿಳಿ ಅಸ್ತರು ಕೊಡಬೇಕು, ಅದರ ಮೇಲೆ ತೆಳುವಾಗಿ ಎರಡು ಸಲ ಬಣ್ಣ. ಹಳದಿ ಬೆರೆತ ಹಸಿರು, ಕಿತ್ತಳೆ, ಗುಲಾಬಿ ಇವು ಹಿಂದಿನ ಸಾಲಿನವರೆಗೂ ತಲುಪುತ್ತವೆ, ನೀಲಿ ಮಂಕು. ಬಣ್ಣ ಹಚ್ಚುವುದು ಪ್ರೇಕ್ಷಕರ ಕಡೆಯ ಮುಖಕ್ಕೆ ಮಾತ್ರ. ಹಿಂಬದಿಗೆ ಮಖಮಲ್ಲು ಅಂಟಿಸದಿದ್ದರೆ ಗೊಂಬೆಯ ಬೆಳಕೇ ಆಟಗಾರನ ಕೈಯನ್ನು ಬಯಲುಮಾಡುತ್ತದೆ.

ನಮ್ಮ ಮಿಂಚುಹುಳುಗಳು ಹುಟ್ಟಿದ್ದು ಈ ಹಿಂಬದಿಯ ಕಪ್ಪಿನಿಂದ. ಸೈಕಲ್ ಚಕ್ರದ ಕಡ್ಡಿಯ ತುದಿಗೆ ಹುಣಸೆಬೀಜದಷ್ಟು ಫೋಮ್ ಶೀಟಿನ ತುಂಡು. ಒಂದು ಮುಖಕ್ಕೆ ಹಳದಿ ಹಸಿರು, ಇನ್ನೊಂದಕ್ಕೆ ಮಖಮಲ್ಲು. ಕಡ್ಡಿಯನ್ನು ಎರಡು ಬೆರಳಿನ ನಡುವೆ ಹೊರಳಿಸಿದರೆ ಹುಳು ಮಿಂಚುತ್ತದೆ, ಆರುತ್ತದೆ. ಮರವೊಂದರ ತುಂಬ ಅವು ಒಟ್ಟಿಗೆ ಮಿಂಚುವ ದೃಶ್ಯಕ್ಕೆ, ಊರಿನ ಮನೆಗಳಿಂದ ಕೇಳಿ ತಂದ ಮುರುಕು ಕೊಡೆಗಳ ಬಟ್ಟೆ ಕಿತ್ತು, ಬರಿಯ ಕಡ್ಡಿಗಳಿಗೆ ಮಖಮಲ್ಲು ಸುತ್ತಿ, ಪ್ರತಿ ಕಡ್ಡಿಗೂ ಅಂಥ ತುಂಡುಗಳನ್ನು ಕಟ್ಟಿದೆವು; ಕೊಡೆ ಬಿಚ್ಚಿದೊಡನೆ ಮರವೆಲ್ಲ ಬೆಳಗಬೇಕು, ಮಡಿಚಿದೊಡನೆ ಆರಬೇಕು. ಕೊಡೆ ಕೊಟ್ಟ ಮನೆಯವರೆಲ್ಲರಿಗೂ ನಮಸ್ಕಾರ. ಕಪ್ಪೆಯ ಗಂಟಲಿನ ಚೀಲಕ್ಕೆ ಹಳದಿ ಬಲೂನು ಬಳಸಿದ್ದೆವು. ಅದನ್ನು ಉಬ್ಬಿಸಿ ಇಳಿಸಲು, ಬಿ.ಪಿ. ನೋಡುವ ಹಳೆಯ ಉಪಕರಣವೊಂದರ ರಬ್ಬರ್ ಬುಡ್ಡೆಯನ್ನು ನಿವೃತ್ತ ದಾದಿಯೊಬ್ಬರು ಕೊಟ್ಟರು. ಸಭೆಯಲ್ಲಿದ್ದ ಚಿಕ್ಕ ಮಕ್ಕಳು ಅತಿ ಹೆಚ್ಚು ಹಿಗ್ಗಿದ್ದು ಆ ಗಂಟಲಿಗೆ.

ಗೊಂಬೆ ಮಾಡುವುದು ಬೇರೆ, ಅದಕ್ಕೆ ಜೀವ ತುಂಬುವುದು ಬೇರೆ. ಈ ಪಾಠವನ್ನು ನಮಗೆ ಹೇಳಿಕೊಟ್ಟವರು ತಲೆಮಾರುಗಳಿಂದ ತೊಗಲುಗೊಂಬೆ ಆಡಿಸುತ್ತ ಬಂದ ಮನೆತನದ ಹಿರಿಯರು. ವಿದ್ಯುತ್ ದೀಪದ ಈ ಹೊಸ ಬಗೆಯನ್ನು ಅವರು ಹೇಗೆ ಕಾಣುವರೋ ಎಂಬ ಅಳುಕು ನಮಗಿತ್ತು. ಅವರು ಗೂಬೆಯನ್ನು ಕೈಗೆ ತೆಗೆದುಕೊಂಡು, ರೆಕ್ಕೆಯ ಕೀಲನ್ನು ತಂತಿಯಿಂದ ಬಿಡಿಸಿ, ತಮ್ಮ ಗೊಂಬೆಗಳಿಗೆ ಹಾಕುವಂತೆಯೇ ದಾರದ ಗಂಟು ಹಾಕಿ ಸಡಿಲಗೊಳಿಸಿದರು. ನಂತರ ಮಕ್ಕಳಿಗೆ ಹೇಳಿದ್ದು ಇಷ್ಟೇ: “ಮಗಾ, ಗೊಂಬೆ ಮಾತಾಡೋವಾಗ ಅಲ್ಲಾಡಿಸು, ಕೇಳೋವಾಗ ನಿಲ್ಲಿಸು. ಎರಡೂ ಹೊತ್ತು ಅಲ್ಲಾಡಿದ್ರೆ ನೋಡೋರಿಗೆ ಯಾರು ಮಾತಾಡ್ತಿದಾರೆ ಅಂತ ತಿಳಿಯಲ್ಲ.” ಕತ್ತಲಲ್ಲಿ ಮುಖಭಾವವಿಲ್ಲದ, ಹೊಳೆಯುವ ಆಕಾರಗಳು ಮಾತ್ರ ಇರುವ ಈ ಆಟಕ್ಕೆ ಅದಕ್ಕಿಂತ ಹೆಚ್ಚಿನ ಸೂತ್ರ ಬೇಕಿರಲಿಲ್ಲ. ಹಳೆಯ ಕಲೆಯವರು ಹೊಸದನ್ನು ಒಪ್ಪುವುದಿಲ್ಲ ಎಂದು ಹೇಳುವವರು ಅವರನ್ನೊಮ್ಮೆ ಭೇಟಿಯಾಗಬೇಕು.

ತಾಲೀಮಿಗೆ ಹಗಲಿನಲ್ಲೂ ಕತ್ತಲಾಗಿರುವ ಜಾಗ ಬೇಕಿತ್ತು. ನಾವು ಮೊದಲು ಬಳಸುತ್ತಿದ್ದ ಸಭಾಂಗಣ ನಡುವೆ ಕೈತಪ್ಪಿದಾಗ, ಮಂಡಿ ವರ್ತಕರೊಬ್ಬರು ತಮ್ಮ ಕಿಟಕಿಯಿಲ್ಲದ ಗೋದಾಮನ್ನು ಬಾಡಿಗೆಯಿಲ್ಲದೆ ಕೊಟ್ಟರು. ಅಲ್ಲಿ ನೆಲದ ಮೇಲೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಎಳೆದು, ನಿಲ್ಲಬೇಕಾದ ಜಾಗದಲ್ಲೆಲ್ಲ ಗಂಟು ಹಾಕಿ, ಬರಿಗಾಲಿನಿಂದ ಗಂಟನ್ನು ಗುರುತಿಸುತ್ತ ನಡೆಯಲು ಮಕ್ಕಳು ಕಲಿತರು. ಆಟದ ದಿನ ಸಂಜೆ ಗಾಳಿಮಳೆಗೆ ಕರೆಂಟು ಹೋದಾಗ ಕರೆಯದೆಯೇ ಜನರೇಟರ್ ಹೊತ್ತು ತಂದ ಶಾಮಿಯಾನದ ಅಣ್ಣನಿಗೂ, ಆ ಮಳೆಯಲ್ಲೇ ಲೈನು ಸರಿಪಡಿಸಿದ ಲೈನ್‌ಮನ್ ಅವರಿಗೂ ನಮ್ಮ ವಂದನೆಗಳು.

ಸಭಿಕರಿಗೂ ಒಂದು ಮಾತು ಹೇಳಲೇಬೇಕು. ರಂಗದ ಬದಿಯ ದೀಪಗಳ ಕಿರಣ ಮುಂದಿನ ಸಾಲಿಗೂ ತಾಗುತ್ತಿದ್ದುದರಿಂದ ಅಲ್ಲಿ ಕುಳಿತ ಬಿಳಿ ಪಂಚೆ, ಬಿಳಿ ಅಂಗಿಗಳು ಹೊಳೆಯುತ್ತಿದ್ದವು. ಹಿರಿಯರನ್ನು ಹಿಂದೆ ಕೂರಿಸುವುದು ನಮ್ಮ ರೂಢಿಯಲ್ಲ, ಆದರೂ ಕೇಳಿಕೊಂಡೆವು. ಒಬ್ಬರೂ ಬೇಸರಿಸದೆ ಎದ್ದು ಹಿಂದಿನ ಸಾಲುಗಳಿಗೆ ಹೋದರು, ಮೊಬೈಲುಗಳನ್ನು ಆರಿಸಿ ಜೇಬಿಗಿಟ್ಟರು. ಆಟದುದ್ದಕ್ಕೂ ಸಭೆಯಲ್ಲಿ ಒಂದು ಪರದೆಯೂ ಬೆಳಗಲಿಲ್ಲ. ಈ ದಿನಗಳಲ್ಲಿ ಇಷ್ಟು ಜನ ಸೇರಿ ಇಂಥ ಕತ್ತಲೆಯನ್ನು ಕಾಯ್ದುಕೊಡುವುದು ದೊಡ್ಡ ಸಹಕಾರ.

ಮಕ್ಕಳ ತಂದೆತಾಯಂದಿರಿಗೆ ನಮ್ಮ ಕೃತಜ್ಞತೆ ಬೇರೆಯೇ ಬಗೆಯದು. ವಾರ್ಷಿಕೋತ್ಸವದ ನೃತ್ಯದಲ್ಲಾದರೆ ಮಗಳು ಎದುರಿಗೆ ಕಾಣುತ್ತಾಳೆ, ಫೋಟೋ ತೆಗೆಯಬಹುದು. ಇಲ್ಲಿ ತಿಂಗಳುಗಟ್ಟಲೆ ಕಳುಹಿಸಿಕೊಟ್ಟರೂ ಆಟದಲ್ಲಿ ಅವಳು ಕಾಣುವುದೇ ಇಲ್ಲ. ಕೊನೆಯಲ್ಲಿ ದೀಪ ಹಾಕಿ, ಮುಸುಕು ತೆಗೆಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಕೆ ಎಂಬ ಬಗ್ಗೆ ತಂಡದಲ್ಲಿ ಚರ್ಚೆ ನಡೆಯಿತು. ಮಾಯೆ ಒಡೆಯುತ್ತದೆ ಎಂದು ಕೆಲವರು ವಾದಿಸಿದರು. ನಿಲ್ಲಿಸಲೇಬೇಕೆಂದು ನಾನು ಹಟ ಹಿಡಿದೆ, ಅದು ಸರಿಯೆಂದೇ ಈಗಲೂ ನಂಬಿದ್ದೇನೆ. ತಾಯಿಯೊಬ್ಬರು ಬಂದು “ನಮ್ಮ ಹುಡುಗಿ ಯಾವುದು ಮಾಡಿದ್ದು ಮೇಷ್ಟ್ರೇ?” ಎಂದು ಕೇಳಿದಾಗ, ಕಪ್ಪೆಯ ಎರಡು ಹಿಂಗಾಲುಗಳನ್ನು ಆಡಿಸಿದವಳು ಅವಳೇ, ಅವಳು ಹಿಡಿತ ತಪ್ಪಿದ್ದರೆ ಕಪ್ಪೆ ನೆಗೆಯುತ್ತಲೇ ಇರಲಿಲ್ಲ ಎಂದು ಹೇಳಿದೆ. ಅವರು ಮಗಳ ಕೈಗಳನ್ನು ಹಿಡಿದು ನೋಡಿದರು.

ಟ್ಯೂಬುಗಳು, ಮಖಮಲ್ಲು ಮತ್ತು ಮುಸುಕುಗಳು ಅಡಿಕೆ ಸುಗ್ಗಿ ಆರಂಭವಾಗುವವರೆಗೆ ಅದೇ ಗೋದಾಮಿನಲ್ಲಿ ಇರುತ್ತವೆ. ಸುತ್ತಲಿನ ಯಾವುದೇ ಶಾಲೆ ಇವನ್ನು ಕೇಳಿ ಒಯ್ಯಬಹುದು. ಕೊಟ್ಟವರೆಲ್ಲರ ಒಪ್ಪಿಗೆಯೂ ಇದಕ್ಕಿದೆ. ಗೊಂಬೆಗಳನ್ನು ಬಿಸಿಲಿಗೆ ಇಡಬಾರದು, ಈ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಟ್ಯೂಬು ಉರಿಯುವಾಗ ಹತ್ತಿರದಿಂದ ದಿಟ್ಟಿಸಿ ನೋಡಬಾರದು. ಕೊಡೆಯ ಮರವನ್ನು ಮಡಿಚಿಯೇ ಸಾಗಿಸಬೇಕು, ಬಿಚ್ಚುವ ಕ್ರಮವನ್ನು ತೋರಿಸಲು ನಮ್ಮ ಮಕ್ಕಳಲ್ಲೊಬ್ಬರು ಜೊತೆಗೆ ಬರುತ್ತಾರೆ.