ಫೋನ್ ಎತ್ತುವವರು ಯಾರು ಅಂತ ನೋಡು

ಪ್ರೀತಿಯ ತಂಗಿ,

ನಿನ್ನ ಮೇಲ್ ಓದಿದೆ, ಜೊತೆಗಿಟ್ಟ ದೃಶ್ಯವನ್ನೂ ಓದಿದೆ. ದೃಶ್ಯದ ಮಾತು ಆಮೇಲೆ. ಎರಡು ಪ್ರೊಡಕ್ಷನ್ ಹೌಸ್‌ಗಳಿಂದ ಕರೆ ಬಂದಿದೆ, ಒಂದು ಕಡೆ ಎಪಿಸೋಡಿಗೆ ದುಡ್ಡು ಜಾಸ್ತಿ, ಇನ್ನೊಂದು ಕಡೆ ಕಡಿಮೆ, ಯಾವುದಕ್ಕೆ ಹೂಂ ಅನ್ನಲಿ ಅಕ್ಕ ಅಂತ ಕೇಳಿದ್ದೀಯ. ಆ ಎರಡೂ ಕಡೆ ನಾನು ಕೆಲಸ ಮಾಡಿದವಳಲ್ಲ, ಅವರ ಬಗ್ಗೆ ಹೇಳಲಾರೆ. ಅದರ ಬದಲು ಅಮೆರಿಕದ ಒಂದು ಸಂಸ್ಥೆಯ ಕಥೆ ಹೇಳುತ್ತೇನೆ. ಎಲ್ಲಿ ಕೂತು ಬರೆಯಬೇಕು ಅನ್ನುವ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಅದೇ.

ಹೆಸರು ಎಂಟಿಎಂ ಎಂಟರ್‌ಪ್ರೈಸಸ್. 1969ರಲ್ಲಿ ನಟಿ ಮೇರಿ ಟೈಲರ್ ಮೂರ್ ಮತ್ತು ಆಗ ಅವರ ಪತಿಯಾಗಿದ್ದ ಗ್ರ್ಯಾಂಟ್ ಟಿಂಕರ್ ಸೇರಿ ಕಟ್ಟಿದ್ದು. ಸಿಬಿಎಸ್ ಚಾನೆಲ್ ಮೇರಿಗೆ ‘ದ ಮೇರಿ ಟೈಲರ್ ಮೂರ್ ಶೋ’ ಎಂಬ ಒಂದು ಹಾಸ್ಯ ಧಾರಾವಾಹಿ ಕೊಡಲು ಒಪ್ಪಿತ್ತು, ಪೈಲಟ್, ಅಂದರೆ ಪರೀಕ್ಷೆಗೆ ತೆಗೆಯುವ ಕಂತು ಕೂಡ ಕೇಳದೆ. ಆ ಧಾರಾವಾಹಿಗಾಗಿಯೇ ಹುಟ್ಟಿದ ಸಂಸ್ಥೆ ಅದು. ಕಾರ್ಯಕ್ರಮ ಮುಗಿದಾಗ ತೆರೆಯ ಮೇಲೆ ಎಂಜಿಎಂ ಸಿನಿಮಾ ಕಂಪನಿಯ ಸಿಂಹ ಗರ್ಜಿಸುವ ಹಾಗೆಯೇ ಒಂದು ವೃತ್ತದೊಳಗಿಂದ ಕಿತ್ತಳೆ ಬಣ್ಣದ ಬೆಕ್ಕಿನ ಮರಿ ಮಿಯಾಂವ್ ಅನ್ನುತ್ತಿತ್ತು. ಅದರ ಹೆಸರು ಮಿಮ್ಸಿ. ನೆನಪಿಟ್ಟುಕೋ, ಈ ಬೆಕ್ಕು ಮತ್ತೆ ಬರುತ್ತದೆ.

ಬರೆಯಲು ಟಿಂಕರ್ ಕರೆತಂದದ್ದು ಜೇಮ್ಸ್ ಬ್ರೂಕ್ಸ್ ಮತ್ತು ಆ್ಯಲನ್ ಬರ್ನ್ಸ್ ಎಂಬ ಇಬ್ಬರನ್ನು. ಇಬ್ಬರೂ ನಾಯಕಿಯನ್ನು ವಿಚ್ಛೇದಿತೆಯಾಗಿ ಕಲ್ಪಿಸಿಕೊಂಡಿದ್ದರು. ಚಾನೆಲ್‌ನವರು ಹೌಹಾರಿದರು. ವಿಚ್ಛೇದಿತೆಯನ್ನು ಜನ ಒಪ್ಪುವುದಿಲ್ಲ ಅಂದರು. ಕೊನೆಗೆ ನಾಯಕಿ ವರ್ಷಗಟ್ಟಲೆ ಕಾದ ಮೇಲೆ ಮುರಿದುಬಿದ್ದ ಸಂಬಂಧದಿಂದ ಎದ್ದು ಮಿನಿಯಾಪೊಲಿಸ್‌ಗೆ ಬರುವ ಮೂವತ್ತು ವಯಸ್ಸಿನ ಹೆಣ್ಣಾದಳು. ಅಷ್ಟಕ್ಕೇ ನಿಲ್ಲಲಿಲ್ಲ. ನ್ಯೂಯಾರ್ಕಿನ ಚಾನೆಲ್ ಕಚೇರಿಯಿಂದ ಟಿಂಕರ್‌ಗೆ ಮಾತು ಬಂತು: ಈ ಇಬ್ಬರನ್ನೂ ತೆಗೆದುಹಾಕಿ. ಟಿಂಕರ್ ತೆಗೆಯಲಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಆಗ ಆ ಮಾತನ್ನು ಅವರ ಕಿವಿಗೂ ಹಾಕಲಿಲ್ಲ. ಹಾಕಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಹಾಗೆ ಕಿವಿಗೆ ಬಿದ್ದ ಮೇಲೆ ನಾನು ಬರೆದಿದ್ದೇನೆ. ಪ್ರತಿ ಸಾಲಿನ ಹಿಂದೆ ಯಾರೋ ನಿಂತು ಇಣುಕುತ್ತಿದ್ದಾರೆ ಅನ್ನಿಸುತ್ತದೆ. ಪಾತ್ರಕ್ಕೆ ಬೇಕಾದ ಮಾತು ಬಿಟ್ಟು ಅವರಿಗೆ ಬೇಕಾದ ಮಾತನ್ನು ಕೈ ತಾನಾಗಿಯೇ ಬರೆಯುತ್ತದೆ.

ಮೊದಲ ಕಂತನ್ನು ಚಿತ್ರೀಕರಣಕ್ಕೆ ಮುಂಚೆ ಪ್ರೇಕ್ಷಕರ ಮುಂದೆ ಆಡಿ ನೋಡಿದರು. ಸೆಕೆ, ಎ.ಸಿ. ಕೆಟ್ಟಿತ್ತು, ಜನ ನಗಲಿಲ್ಲ. ಆ ರಾತ್ರಿ ಮನೆಯಲ್ಲಿ ಮೇರಿ ಅತ್ತರು. ಟಿಂಕರ್ ಬರಹಗಾರರಿಗೆ ಫೋನ್ ಮಾಡಿ, ಸರಿಮಾಡಿ ಅಂತ ಮಾತ್ರ ಹೇಳಿದರು. ಹೇಗೆ ಅಂತ ಹೇಳಲಿಲ್ಲ. ತಾನೇ ಪೆನ್ನು ಹಿಡಿದು ಕೂರಲಿಲ್ಲ.

ತೊಡಕಿದ್ದದ್ದು ರೋಡಾ ಎಂಬ ಪಾತ್ರದಲ್ಲಿ. ನಾಯಕಿ ಬಾಡಿಗೆಗೆ ಬಂದ ಮನೆ ತನ್ನದು ಅಂತ ಜಗಳ ತೆಗೆಯುವ, ಬಾಯಿ ಜೋರಿನ ಹೆಣ್ಣು. ಬರುತ್ತಲೇ ಕೂಗಾಡುತ್ತಾಳೆ. ಜನಕ್ಕೆ ಅವಳು ಹಿಡಿಸಲಿಲ್ಲ. ಆಗ ಮಾರ್ಜ್ ಮಲೆನ್ ಎಂಬ ಸ್ಕ್ರಿಪ್ಟ್ ಸೂಪರ್‌ವೈಸರ್, ಅಂದರೆ ಸೆಟ್‌ನಲ್ಲಿ ಸ್ಕ್ರಿಪ್ಟ್ ಹಿಡಿದು ಒಂದೊಂದು ಸಾಲನ್ನೂ ಕಾಯುವ ಕೆಲಸದವರು, ಒಂದು ಸಲಹೆ ಕೊಟ್ಟರು. ಆ ದೃಶ್ಯದಲ್ಲಿ ಪುಟ್ಟ ಹುಡುಗಿಯೊಬ್ಬಳಿದ್ದಾಳಲ್ಲ, ಅವಳಿಗೆ ರೋಡಾ ಅಂದರೆ ಇಷ್ಟ ಅಂತ ಮಾಡಿ, ಆಗ ಜನಕ್ಕೂ ಇಷ್ಟವಾಗುತ್ತಾಳೆ. ಬರಹಗಾರರು ಹುಡುಗಿಗೆ ಒಂದು ಮಾತು ಸೇರಿಸಿದರು: ರೋಡಾ ಆಂಟಿ ಜೊತೆ ಮಜಾ ಇರುತ್ತೆ, ಅಮ್ಮನಿಗೆ ಮಾತ್ರ ಅವಳನ್ನು ಕಂಡರೆ ಆಗಲ್ಲ ಅನ್ನುವ ಅರ್ಥದ್ದು. ಅದೇ ಕೂಗಾಟ, ಅದೇ ಜಗಳ. ಆದರೆ ಚಿತ್ರೀಕರಣದ ದಿನ ಜನ ನಕ್ಕರು. 1974ರಲ್ಲಿ ರೋಡಾಳದೇ ಪ್ರತ್ಯೇಕ ಧಾರಾವಾಹಿ ಶುರುವಾಯಿತು.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಉಪಾಯದಷ್ಟೇ ಇನ್ನೊಂದು ವಿಷಯ. ಮಾರ್ಜ್ ಮಲೆನ್ ಮಾತಾಡಬಹುದಿತ್ತು, ಮಾತಾಡಿದ್ದನ್ನು ಕೇಳಿಸಿಕೊಳ್ಳುವವರಿದ್ದರು. ನಮ್ಮ ಸೆಟ್‌ಗಳಲ್ಲಿ ಕಂಟಿನ್ಯುಟಿ ನೋಡುವ ಹುಡುಗಿ ದೃಶ್ಯದ ಬಗ್ಗೆ ಬಾಯಿಬಿಟ್ಟರೆ ಏನಾಗುತ್ತದೆ ಅಂತ ನೀನೇ ನೋಡಿದ್ದೀಯ. ಅಲ್ಲಿ ಹಾಗಿರಲಿಲ್ಲ. ಹೆಂಗಸೊಬ್ಬಳ ಬದುಕಿನ ಕಥೆಯನ್ನು ಹೆಂಗಸರೂ ಬರೆಯಬೇಕು ಅಂತ ಬ್ರೂಕ್ಸ್ ಮತ್ತು ಬರ್ನ್ಸ್ ಹುಡುಕಿಕೊಂಡು ಹೋದರು. 1973ರ ಹೊತ್ತಿಗೆ ಆ ಧಾರಾವಾಹಿಯ 75 ಬರಹಗಾರರಲ್ಲಿ 25 ಮಂದಿ ಹೆಂಗಸರು. ಅವರಲ್ಲೊಬ್ಬರಾದ ಟ್ರೀವಾ ಸಿಲ್ವರ್‌ಮನ್‌ಗೆ 1974ರಲ್ಲಿ ಬರವಣಿಗೆಗಾಗಿ ಅಲ್ಲಿನ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು.

ಸತ್ತ ಕೋಡಂಗಿಯ ಕಂತನ್ನು ಹುಡುಕಿ ನೋಡು. 1975ರದ್ದು, ಡೇವಿಡ್ ಲಾಯ್ಡ್ ಬರೆದದ್ದು. ಮೆರವಣಿಗೆಯಲ್ಲಿ ಕಡಲೆಕಾಯಿ ವೇಷ ಹಾಕಿದ್ದ ಕೋಡಂಗಿಯನ್ನು ಆನೆ ಕೊಂದಿರುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ನಗು, ನಾಯಕಿ ಮೇರಿ ಮಾತ್ರ ಎಲ್ಲರನ್ನೂ ಗದರಿಸುತ್ತಾಳೆ. ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಎಲ್ಲರೂ ಗಂಭೀರವಾದಾಗ ಅವಳಿಗೇ ನಗು ತಡೆಯಲಾಗುವುದಿಲ್ಲ. ನಗಮ್ಮ, ಅವನಿಗೂ ಅದೇ ಬೇಕಾಗಿತ್ತು ಅಂತ ಪಾದ್ರಿ ಸಮಾಧಾನ ಮಾಡಿದ ಕೂಡಲೇ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎಂದಿನ ನಿರ್ದೇಶಕ ಜೇ ಸ್ಯಾಂಡ್ರಿಚ್ ಸಾವು ನಗುವ ವಿಷಯವಲ್ಲ ಅಂತ ಅದನ್ನು ಒಪ್ಪಲಿಲ್ಲ, ಜೋನ್ ಡಾರ್ಲಿಂಗ್ ನಿರ್ದೇಶಿಸಿದರು. ಹೆಸರಾಂತ ನಿರ್ದೇಶಕರೇ ಬೇಡ ಅಂದರೂ ಬರೆದ ಪುಟ ಉಳಿಯಿತು.

ಇಂಥ ಕಡೆ ಬರಹಗಾರರು ಬೆಳೆಯುತ್ತಾರೆ, ಬೆಳೆದವರು ಹೊರಟೂ ಹೋಗುತ್ತಾರೆ. ಬ್ರೂಕ್ಸ್ ತನ್ನ ಜೊತೆಗಾರರೊಂದಿಗೆ ಪ್ಯಾರಮೌಂಟ್‌ಗೆ ಹೋಗಿ 1978ರಲ್ಲಿ ‘ಟ್ಯಾಕ್ಸಿ’ ಧಾರಾವಾಹಿ ಮಾಡಿದರು. ಎಂಟಿಎಂನಲ್ಲೇ ಪಳಗಿದ ಗ್ಲೆನ್ ಮತ್ತು ಲೆಸ್ ಚಾರ್ಲ್ಸ್ ಸೋದರರು, ನಿರ್ದೇಶಕ ಜೇಮ್ಸ್ ಬರೋಸ್ ಸೇರಿ 1982ರಲ್ಲಿ ‘ಚಿಯರ್ಸ್’ ಮಾಡಿದರು. ಮೇರಿಯ ಧಾರಾವಾಹಿ ಏಳು ವರ್ಷ, 168 ಕಂತು, 29 ಎಮ್ಮಿಗಳ ನಂತರ 1977ರಲ್ಲಿ ಮುಗಿದಿತ್ತು. ಆದರೂ ಎಂಟಿಎಂ ಮನೆ ಖಾಲಿಯಾಗಲಿಲ್ಲ. 1981ರಲ್ಲಿ ಸ್ಟೀವನ್ ಬಾಚ್ಕೊ ಮತ್ತು ಮೈಕಲ್ ಕೊಜೋಲ್ ಕಟ್ಟಿದ ಪೊಲೀಸ್ ಠಾಣೆಯ ಕಥೆ ‘ಹಿಲ್ ಸ್ಟ್ರೀಟ್ ಬ್ಲೂಸ್’ ಇನ್ನೊಂದು ದೊಡ್ಡ ಚಾನೆಲ್ ಆದ ಎನ್‌ಬಿಸಿಯಲ್ಲಿ ಬಂತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು, ಒಂದೇ ಕಂತಿನಲ್ಲಿ ಹತ್ತಾರು ಎಳೆ, ಮುಗಿಯದ ಕಥೆಗಳು. ಮೊದಲ ವರ್ಷ ರೇಟಿಂಗ್ ಪಟ್ಟಿಯಲ್ಲಿ ತಳಕ್ಕೆ ಹತ್ತಿರವಿತ್ತು. ಆದರೆ ಅದೇ ವರ್ಷ ಎಂಟು ಎಮ್ಮಿ ಗೆದ್ದಿತು. ಟಿಆರ್‌ಪಿ ಒಂದು ವಾರ ಬಿದ್ದರೆ ನಾಯಕಿಗೆ ನೆನಪು ಹಾರಿಸಿಬಿಡುವ ನಾವು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಅದೇ 1981ರಲ್ಲಿ ಟಿಂಕರ್ ಎನ್‌ಬಿಸಿಯ ಮುಖ್ಯಸ್ಥರಾಗಿ ಹೋದರು. ಮೇರಿಯೊಂದಿಗಿನ ಮದುವೆಯೂ ಆ ವರ್ಷವೇ ಮುರಿಯಿತು. ಇಳಿಜಾರು ಅಲ್ಲಿಂದ ಶುರುವಾಯಿತು ಅಂತ ನನ್ನ ಅಭಿಪ್ರಾಯ, ಹೊರಗಿನಿಂದ ನೋಡುವವರಿಗೆ ಇನ್ನೂ ಏಳೆಂಟು ವರ್ಷ ಅದು ಕಾಣದಿದ್ದರೂ. 1985ರಲ್ಲಿ ಬಾಚ್ಕೊ ಅವರನ್ನು ಅವರೇ ಕಟ್ಟಿದ ಧಾರಾವಾಹಿಯಿಂದ ಸಂಸ್ಥೆ ತೆಗೆದುಹಾಕಿತು. ಖರ್ಚು ಮಿತಿ ಮೀರುತ್ತಿದೆ ಅನ್ನುವುದು ಜಗಳ. ಖರ್ಚು ನಿಜಕ್ಕೂ ಜಾಸ್ತಿಯೇ ಇತ್ತು. ಆದರೆ ಬರಹಗಾರರನ್ನು ತೆಗೆಯಿರಿ ಅಂದಾಗ ತೆಗೆಯದೆ ಹುಟ್ಟಿದ ಸಂಸ್ಥೆ ಅದು.

ಇಲ್ಲಿ ಸ್ವಲ್ಪ ಲೆಕ್ಕಾಚಾರ ಹೇಳಬೇಕು, ಬೇಸರ ಮಾಡಿಕೊಳ್ಳಬೇಡ. ಅಲ್ಲಿ ಚಾನೆಲ್ ಕೊಡುವ ಹಣ ಕಂತಿನ ಪೂರ್ತಿ ಖರ್ಚಿಗೆ ಸಾಲುತ್ತಿರಲಿಲ್ಲ. ಉಳಿದದ್ದನ್ನು ಸಂಸ್ಥೆ ಕೈಯಿಂದ ಹಾಕಬೇಕು. ಹಕ್ಕು ಸಂಸ್ಥೆಯದೇ ಆದ್ದರಿಂದ ಮುಂದೆ ನೂರು ಕಂತಿನಷ್ಟಾದ ಮೇಲೆ ಊರೂರಿನ ಸ್ಥಳೀಯ ಸ್ಟೇಷನ್‌ಗಳಿಗೆ ಮರುಪ್ರಸಾರಕ್ಕೆ ಮಾರಿದರೆ ಹಾಕಿದ್ದೂ ಬರುತ್ತದೆ, ಲಾಭವೂ ಬರುತ್ತದೆ. 1970ರಲ್ಲಿ ಸರ್ಕಾರದ ಪ್ರಸಾರ ನಿಯಂತ್ರಣ ಮಂಡಳಿಯಾದ ಎಫ್‌ಸಿಸಿ ತಂದ ನಿಯಮ ಈ ಮರುಮಾರಾಟದಲ್ಲಿ ದೊಡ್ಡ ಚಾನೆಲ್‌ಗಳು ಪಾಲು ಇಟ್ಟುಕೊಳ್ಳದ ಹಾಗೆ ತಡೆದಿತ್ತು. ಎಂಟಿಎಂನಂಥ ಸ್ವತಂತ್ರ ಸಂಸ್ಥೆಗಳು ಉಸಿರಾಡಿದ್ದು ಆ ನಿಯಮದ ನೆರಳಲ್ಲಿ. ಅರ್ಧ ಗಂಟೆಯ ಹಾಸ್ಯವನ್ನು ಸ್ಟೇಷನ್‌ಗಳು ಮುಗಿಬಿದ್ದು ಕೊಳ್ಳುತ್ತಿದ್ದವು. ಒಂದು ಗಂಟೆಯ, ಕಂತಿನಿಂದ ಕಂತಿಗೆ ಎಳೆ ಹಬ್ಬುವ ಕಥೆಯನ್ನು ಕೊಳ್ಳುವವರು 80ರ ದಶಕದ ನಡುವೆ ಕಡಿಮೆಯಾದರು. ಎಂಟಿಎಂ ಕೈಯಲ್ಲಿ ಆಗ ಅಂಥವೇ ಹೆಚ್ಚಿದ್ದವು. ಹಿರಿಮೆ ತಂದ ಕೆಲಸವೇ ಕೈ ಕಚ್ಚಿತು. ಆ ನಿಯಮವನ್ನೂ 90ರ ದಶಕದಲ್ಲಿ ತೆಗೆದುಹಾಕಿದರು. ಆಮೇಲೆ ಚಾನೆಲ್‌ಗಳು ತಮ್ಮ ಕಾರ್ಯಕ್ರಮ ತಾವೇ ಮಾಡಿಕೊಳ್ಳತೊಡಗಿದವು, ಸ್ವತಂತ್ರರಿಗೆ ಜಾಗವೇ ಉಳಿಯಲಿಲ್ಲ.

1988ರಲ್ಲಿ ಸಂಸ್ಥೆಯನ್ನು 32 ಕೋಟಿ ಡಾಲರಿಗೆ ಮಾರಿದರು. ಕೊಂಡದ್ದು ಟಿವಿಎಸ್, ಇಂಗ್ಲೆಂಡಿನ ದಕ್ಷಿಣ ಭಾಗಕ್ಕೆ ಪ್ರಸಾರ ಮಾಡುತ್ತಿದ್ದ ಚಾನೆಲ್. ಆ ಹೊರೆ ಅವರಿಗೆ ತಡೆಯಲಾಗಲಿಲ್ಲ. 1991ರ ಹರಾಜಿನಲ್ಲಿ ಪರವಾನಗಿ ಉಳಿಸಿಕೊಳ್ಳಲು ವರ್ಷಕ್ಕೆ ಸುಮಾರು 6 ಕೋಟಿ ಪೌಂಡಿನಷ್ಟು ಕೂಗಿದರು. ಇಷ್ಟು ಕಟ್ಟಿ ಚಾನೆಲ್ ನಡೆಸಲು ಇವರಿಂದಾಗದು ಅಂತ ನಿಯಂತ್ರಣ ಮಂಡಳಿ ಕಡಿಮೆ ಕೂಗಿದವರಿಗೇ ಕೊಟ್ಟಿತು. 1992ರ ಡಿಸೆಂಬರ್ 31ಕ್ಕೆ ಟಿವಿಎಸ್ ಪ್ರಸಾರ ನಿಂತಿತು. 1993ರಲ್ಲಿ ಎಂಟಿಎಂ ಅಮೆರಿಕದ ಫ್ಯಾಮಿಲಿ ಚಾನೆಲ್ ಒಡೆಯರ ಕೈಗೆ, 1997ರಲ್ಲಿ ಅವರ ಜೊತೆ ಫಾಕ್ಸ್ ಕೈಗೆ, 2019ರಲ್ಲಿ ಆ ಹಳೆಯ ಕಂತುಗಳೆಲ್ಲ ಡಿಸ್ನಿಯ ಉಗ್ರಾಣಕ್ಕೆ. ಸಂಸ್ಥೆ ಅನ್ನುವುದು ಅದಕ್ಕೆ ಎಷ್ಟೋ ಮುಂಚೆ ಇಲ್ಲವಾಗಿತ್ತು. ಉಳಿದದ್ದು ಸರಕು. ಎಂಟಿಎಂನದೇ ರೇಡಿಯೊ ಸ್ಟೇಷನ್ ಕಥೆಯಾದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ಯಲ್ಲಿ ಬಳಸಿದ್ದ ಹಾಡುಗಳ ಹಕ್ಕಿನ ಅವಧಿ ತೀರಿದಾಗ ಅವನ್ನು ಕಿತ್ತು ಯಾವುದೋ ಸಂಗೀತ ತುಂಬಿದರು. ಹಾಡಿನ ಮೇಲೆ ಆಡಿದ್ದ ಮಾತುಗಳೂ ಕೆಲವು ಕಡೆ ಹೋದವು. ಬರೆದವರು ಎಂಥ ಹಾಡಿಗೆ ಎಂಥ ಮಾತು ಅಂತ ಜೋಡಿಸಿದ್ದರೋ ಏನೋ ಅನ್ನಿಸಿ ಹೊಟ್ಟೆ ಉರಿಯುತ್ತದೆ.

ಬೆಕ್ಕಿನ ವಿಷಯ ಹೇಳುತ್ತೇನೆ ಅಂದಿದ್ದೆ. ಎಂಟಿಎಂನ ಆಸ್ಪತ್ರೆ ಧಾರಾವಾಹಿ ‘ಸೇಂಟ್ ಎಲ್ಸ್‌ವೇರ್’ ಪ್ರತಿ ವಾರ ಶಸ್ತ್ರಚಿಕಿತ್ಸೆಯ ಉಡುಪು ತೊಟ್ಟ ಮಿಮ್ಸಿಯೊಂದಿಗೆ ಮುಗಿಯುತ್ತಿತ್ತು. 1988ರ ಮೇ 25ರ ಕೊನೆಯ ಕಂತಿನಲ್ಲಿ ಹೆಸರುಗಳು ಮೂಡುತ್ತಿರುವಾಗ ಬೆಕ್ಕು ನಳಿಗೆಗಳ ನಡುವೆ ಮಲಗಿತ್ತು, ಪಕ್ಕದಲ್ಲಿ ಹೃದಯ ಬಡಿತದ ಯಂತ್ರ. ಕೊನೆಗೆ ಯಂತ್ರದ ಗೆರೆ ನೇರವಾಯಿತು. ಅದು ಸಂಸ್ಥೆ ಮಾರಾಟವಾದ ವರ್ಷ.

ಈಗ ನಿನ್ನ ಪ್ರಶ್ನೆ. ಎರಡೂ ಕಡೆ ಒಂದೊಂದು ದಿನ ಹೋಗಿ ಕೂತು ಬಾ. ಚಾನೆಲ್‌ನಿಂದ ಫೋನ್ ಬಂದಾಗ ಎತ್ತುವವರು ಯಾರು ಅಂತ ನೋಡು. ಅವರು ಎದ್ದು ಹೊರಗೆ ಹೋಗಿ ಮಾತಾಡಿ, ಒಳಗೆ ಬಂದು ಏನನ್ನು ನಿಮ್ಮವರೆಗೆ ತರುತ್ತಾರೆ, ಏನನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ ಅಂತ ನೋಡು. ನಾನು ಹಿಂದೆ ದುಡಿದ ಒಂದು ಕಡೆ, ಹೆಸರು ಬೇಡ, ಪ್ರೊಡ್ಯೂಸರ್ ಸ್ಪೀಕರ್ ಆನ್ ಮಾಡಿ ಮೇಜಿನ ಮಧ್ಯೆ ಫೋನ್ ಇಡುತ್ತಿದ್ದರು. ಆ ಮೇಜಿನಲ್ಲಿ ಎರಡು ವರ್ಷ ಕೂತಿದ್ದೆ. ಅಲ್ಲಿ ಬರೆದ ಒಂದು ದೃಶ್ಯವನ್ನೂ ಇವತ್ತು ನಿನಗೆ ತೋರಿಸಲು ನನಗೆ ಮನಸ್ಸಿಲ್ಲ. ದುಡ್ಡು ಕಡಿಮೆಯಿರುವ ಕಡೆ ಆ ಫೋನ್ ಹೊರಗೆ ಹೋಗುವುದಾದರೆ ಅಲ್ಲಿಗೇ ಸೇರು. ಆ ಮನುಷ್ಯ ಬಿಟ್ಟುಹೋದ ದಿನದಿಂದ ಬೇರೆ ಕಡೆ ನೋಡಲು ಶುರುಮಾಡು. ಕಟ್ಟಡ, ಬೋರ್ಡು, ಬಹುಮಾನಗಳ ಕಪಾಟು ಎಲ್ಲ ಹಾಗೇ ಇರುತ್ತದೆ, ಅದನ್ನು ನೋಡಿ ಉಳಿಯಬೇಡ. ಒಪ್ಪಂದದಲ್ಲಿ ಮರುಪ್ರಸಾರ, ಡಬ್ಬಿಂಗ್, ರಿಮೇಕ್ ಬಗ್ಗೆ ಏನು ಬರೆದಿದೆ ಅಂತ ಸಹಿಗೆ ಮುಂಚೆ ಯಾರಾದರೂ ವಕೀಲರಿಗೆ ತೋರಿಸು, ಸಂಕೋಚಪಡಬೇಡ.

ಇನ್ನು ನಿನ್ನ ದೃಶ್ಯ. ದೊಡ್ಡತ್ತೆ ಬಾಗಿಲು ತೆಗೆದ ಕೂಡಲೇ ಸೊಸೆಯ ಮೇಲೆ ಹರಿಹಾಯುತ್ತಾಳೆ, ಮೂರು ಪುಟ ಬೈಯುತ್ತಾಳೆ. ಬೈಗುಳ ಚೆನ್ನಾಗಿದೆ, ಊರಿನ ವಾಸನೆಯಿದೆ, ಒಂದಕ್ಷರ ತೆಗೆಯಬೇಡ. ಆದರೆ ಎರಡನೇ ಪುಟದಲ್ಲಿ ಹಿತ್ತಲಿನಿಂದ ಒಳಗೆ ಓಡಿಬರುವ ಮೊಮ್ಮಗನನ್ನು ನೀನು ಸುಮ್ಮನೆ ಕಂಬದ ಪಕ್ಕ ನಿಲ್ಲಿಸಿದ್ದೀಯ. ಅವನು ಕಂಬ ಬಿಟ್ಟು ಬರಲಿ. ಅಜ್ಜಿ ಬೈಯುತ್ತಿರುವಾಗಲೇ ಅವಳ ಸೆರಗಿನ ಗಂಟು ಬಿಚ್ಚಿ ಪೆಪ್ಪರ್‌ಮಿಂಟ್ ತೆಗೆದುಕೊಳ್ಳಲಿ, ಅವಳು ತಡೆಯದಿರಲಿ. ಹಾಗೆ ಬರೆದು ನೋಡಿ ಭಾನುವಾರದೊಳಗೆ ಕಳಿಸು.

ನಿನ್ನ
ಅಕ್ಕ